ಡಲ್ಲಾಸ್ ಬೇಸಿಗೆಗೆ ಯಾವ ಯೀಸ್ಟ್? ಮನೆ ಬಿಯರಿನ ಏಳನೇ ಬ್ಯಾಚಿನ ಡೈರಿ

ಆಗಸ್ಟ್ 3
ಆರನೇ ಬ್ಯಾಚನ್ನು ಸಿಂಕಿಗೆ ಸುರಿದಾಯ್ತು. ತಪ್ಪು ಯೀಸ್ಟಿನದಲ್ಲ, ನನ್ನದೇ. ಮನೆಯಲ್ಲಿ ಎಸಿ 25ಕ್ಕಿದೆಯಲ್ಲ ಅಂತ ನಿಶ್ಚಿಂತೆಯಿಂದಿದ್ದೆ. ಹುದುಗು ಹತ್ತಿದ ಮೇಲೆ ಜಾಡಿ ತಾನಾಗಿಯೇ ಕಾಯುತ್ತೆ ಅನ್ನೋದು ತಲೆಗೇ ಬರಲಿಲ್ಲ. ಜಾಡಿಯ ಮೈಗೆ ಅಂಟಿಸಿದ ಥರ್ಮಾಮೀಟರ್ 29 ತೋರಿಸೋ ಹೊತ್ತಿಗೆ ಕೆಲಸ ಕೆಟ್ಟಿತ್ತು. ಗಂಟಲಲ್ಲಿ ಸ್ಪಿರಿಟ್ ಉರಿ, ಮೂಗಿಗೆ ನೇಲ್ ಪಾಲಿಶ್.

ಈ ಸಲ ಒಂದೇ ವರ್ಟ್ (ಹುದುಗು ಬರುವ ಮುಂಚಿನ ಸಿಹಿ ಮಾಲ್ಟ್ ರಸ), ಒಂದೊಂದು ಗ್ಯಾಲನ್ನಿನ ಮೂರು ಜಾಡಿ, ಮೂರು ಒಣ ಯೀಸ್ಟ್. ಪೇಲ್ ಏಲ್ ಅನ್ನೋ ತಿಳಿಬಣ್ಣದ ಬಿಯರು, ಗ್ರಾವಿಟಿ 1.048 (ನೀರಿಗೆ ಹೋಲಿಸಿದ ಸಾಂದ್ರತೆ; ಯೀಸ್ಟ್ ಸಕ್ಕರೆ ತಿಂದಷ್ಟೂ ಇಳಿಯುತ್ತೆ, ಇಳಿಯೋದು ನಿಂತರೆ ಹುದುಗು ಮುಗಿದಂತೆ). ಮೊದಲನೇ ಯೀಸ್ಟ್ ಯುಎಸ್-05, ತನ್ನ ರುಚಿ ತೋರಿಸದೆ ಹಾಪ್ಸ್‌ಗೆ (ಬಿಯರಿಗೆ ಕಹಿ, ಘಮ ಕೊಡೋ ಹೂವು) ಜಾಗ ಬಿಡುವಂಥದ್ದು. ಎರಡನೆಯದು ನಾಟಿಂಗ್‌ಹ್ಯಾಮ್, ಚಳಿಗೂ ಜಗ್ಗಲ್ಲ, 14 ಡಿಗ್ರಿಯಲ್ಲೂ ದುಡಿಯುತ್ತೆ. ಮೂರನೆಯದು ನಾರ್ವೆಯ ಹಳ್ಳಿಗಳಿಂದ ಬಂದ ವೋಸ್ ಕ್ವೈಕ್, ಅದಕ್ಕೆ 35ರಿಂದ 40 ಡಿಗ್ರಿಯೇ ಹಿತ. ಜಾಡಿಗೆ 3 ಗ್ರಾಂನಂತೆ ಮೇಲೆ ಉದುರಿಸಿದೆ, ಅಷ್ಟೇ. ಒಣ ಯೀಸ್ಟಿಗೆ ಮೊದಲ ಸಲ ಗಾಳಿ ಬೆರೆಸಬೇಕಿಲ್ಲ. ಇಷ್ಟು ದಿನ ಸುಮ್ಮನೆ ಜಾಡಿ ಕುಲುಕಿ ಕುಲುಕಿ ತೋಳು ನೋಯಿಸಿಕೊಂಡಿದ್ದೆ!

ಕ್ವೈಕ್ ಪೋಷಕಾಂಶ ಜಾಸ್ತಿ ಬೇಡುತ್ತೆ, ಹಾಗಾಗಿ ಅದಕ್ಕೊಂದು ಚಿಟಿಕೆ ನ್ಯೂಟ್ರಿಯೆಂಟ್ ಪುಡಿ.

ಆಗಸ್ಟ್ 4
ಎರಡು ಜಾಡಿ ಬಾತ್‌ಟಬ್‌ನ ನೀರಲ್ಲಿ. ಬೆಳಿಗ್ಗೆ, ರಾತ್ರಿ ಐಸ್ ಬಾಟಲಿ ಬದಲಿಸು, ಒದ್ದೆ ಬನಿಯನ್ ಸುತ್ತು, 19 ದಾಟದ ಹಾಗೆ ಕಾಯಿ. ಬಾಣಂತನ ಇದಕ್ಕಿಂತ ಸುಲಭ ಅಂದೆ, ಹೆಂಡತಿ ಕೆಕ್ಕರಿಸಿ ನೋಡಿದಳು.

ಕ್ವೈಕ್ ಗ್ಯಾರೇಜಲ್ಲಿದೆ. ಹಗಲು 38, ರಾತ್ರಿ 31. ಸಂಜೆಯೊಳಗೆ ನೊರೆ ಏರ್‌ಲಾಕ್ (ಗ್ಯಾಸ್ ಹೊರಬಿಡೋ ಮುಚ್ಚಳದ ಕೊಳವೆ) ತುಂಬಿ ನೆಲಕ್ಕೆ ಇಳಿದಿತ್ತು. "ರೀ, ಗ್ಯಾರೇಜಲ್ಲಿ ಯಾರು ಕಿತ್ತಳೆ ಸುಲಿದಿದ್ದು?"

ಆಗಸ್ಟ್ 8
ಕ್ವೈಕ್ ನಿನ್ನೆಯೂ 1.011, ಇವತ್ತೂ 1.011. ಮುಗೀತು. ಟಬ್ಬಿನವು ಇನ್ನೂ ಗುಳುಗುಳು ಅನ್ನುತ್ತಿವೆ.

ಆಗಸ್ಟ್ 17
ಮೂರನ್ನೂ ಬಾಟಲಿಗೆ ತುಂಬುವಾಗ ರುಚಿ ನೋಡಿದೆ. ನಾಟಿಂಗ್‌ಹ್ಯಾಮ್ 1.011ಕ್ಕೆ ನಿಂತಿದೆ. ಗಸಿ ತಳಕ್ಕೆ ಕಚ್ಚಿಕೊಂಡಿದೆ, ಜಾಡಿ ಬಗ್ಗಿಸಿದರೂ ಕದಡಲಿಲ್ಲ. ಯುಎಸ್-05 1.010, ಇನ್ನೂ ಮಬ್ಬು, ಆದರೆ ಹಾಪ್ಸ್ ಅದರಲ್ಲೇ ಚೆನ್ನಾಗಿ ಕಂಡಿದ್ದು. ಕ್ವೈಕಿನ ಕಿತ್ತಳೆ ಘಮ ಹಾಪ್ಸ್ ಮೇಲೆ ಸವಾರಿ ಮಾಡುತ್ತೆ. ರುಚಿ ಒಂದನ್ನೇ ನೋಡಿದರೆ ನನ್ನ ಓಟು ಯುಎಸ್-05ಕ್ಕೇ. ಆದರೆ ದಿನಕ್ಕೆರಡು ಸಲ ಐಸ್ ಹೊರೋದು ನನ್ನ ಕೈಲಾಗಲ್ಲ. ಅಕ್ಟೋಬರ್ ತನಕ ಕ್ವೈಕ್, ಗ್ಯಾರೇಜ್ ತಣ್ಣಗಾದ ಮೇಲೆ ನಾಟಿಂಗ್‌ಹ್ಯಾಮ್.

ನಾರ್ವೆಯವರು ಕ್ವೈಕನ್ನು ಮರದ ಬಳೆಗಳ ಮೇಲೆ ಒಣಗಿಸಿ ಮುಂದಿನ ಸಲಕ್ಕೆ ಇಟ್ಟುಕೊಳ್ತಿದ್ದರು. ನಾನು ತಳದ ಗಸಿಯನ್ನು ಬೇಕಿಂಗ್ ಕಾಗದದ ಮೇಲೆ ಸಂಡಿಗೆ ಥರ ತೆಳ್ಳಗೆ ಬಳಿದು, ಮೇಲೆ ಮಲ್ ಬಟ್ಟೆ ಹೊದಿಸಿ ಗ್ಯಾರೇಜಲ್ಲಿಟ್ಟಿದ್ದೇನೆ. ಅಂಚು ಆಗಲೇ ಎದ್ದಿದೆ. ನಾಳೆ ಎಬ್ಬಿ ಡಬ್ಬಿಗೆ ಹಾಕಬೇಕು.