ಪದರ ಪದರ ಕಲ್ಲಿನಲ್ಲಿ ನ್ಯೂಟ್ರಾನ್ ಟೂಲ್: ಎಂಸಿಎನ್‌ಪಿ ಲೆಕ್ಕ ಎಲ್ಲಿ ಹಳಿ ತಪ್ಪುತ್ತದೆ

ಅರಬ್ಬೀ ಸಮುದ್ರದ ತೈಲ ಕ್ಷೇತ್ರ ಮುಂಬಯಿ ಹೈನ ಎಲ್-3 ಸುಣ್ಣಕಲ್ಲಿನಲ್ಲಿ ನಡುನಡುವೆ ಶೇಲ್ (ಜೇಡಿಗಲ್ಲು) ಪದರಗಳಿವೆ. ಅಂಥ ಕಡೆ, ಬಾವಿಗಿಳಿದು ನ್ಯೂಟ್ರಾನ್ ಹಾಯಿಸಿ ಕಲ್ಲಿನ ರಂಧ್ರಗಳ ಪಾಲನ್ನು (ಪೊರಾಸಿಟಿ) ಅಳೆಯುವ ನ್ಯೂಟ್ರಾನ್ ಪೊರಾಸಿಟಿ ಟೂಲ್ ಏನು ಓದುತ್ತದೆ ಎಂದು ಎಂಸಿಎನ್‌ಪಿ ಪ್ರೋಗ್ರಾಂನ ಮಾಂಟೆ ಕಾರ್ಲೊ ಲೆಕ್ಕದಲ್ಲಿ, ಅಂದರೆ ನ್ಯೂಟ್ರಾನ್‌ಗಳ ದಾರಿಯನ್ನು ಒಂದೊಂದಾಗಿ ಯಾದೃಚ್ಛಿಕವಾಗಿ ಅನುಕರಿಸಿ, ನೋಡಬೇಕೆಂದರೆ ಮೊದಲು ಪದರಗಳನ್ನು ಬದಿಗಿಡಿ. ಒಂದೇ ಕಲ್ಲು, 20 ಸೆಂ.ಮೀ. ವ್ಯಾಸದ ಬಾವಿ, ತುಂಬ ಸಿಹಿನೀರು, ನ್ಯೂಟ್ರಾನ್ ಸೂಸುವ ಅಮೆರಿಸಿಯಂ-ಬೆರಿಲಿಯಂ ಸೋರ್ಸ್, ಅವನ್ನು ಎಣಿಸುವ ಎರಡು ಹೀಲಿಯಂ-3 ಡಿಟೆಕ್ಟರ್. ಹ್ಯೂಸ್ಟನ್ ವಿಶ್ವವಿದ್ಯಾಲಯದ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಪರೀಕ್ಷಾ ಗುಂಡಿಯಲ್ಲಿ ಶೇ. 1.9, 19 ಮತ್ತು 26 ಪೊರಾಸಿಟಿಯ ಸುಣ್ಣಕಲ್ಲುಗಳಿವೆ. ಪೊರಾಸಿಟಿಯನ್ನು ಹೇಳುವುದು ಹತ್ತಿರದ ಮತ್ತು ದೂರದ ಡಿಟೆಕ್ಟರ್‌ಗಳ ಕೌಂಟ್ ಅನುಪಾತ; ಅದು ಆ ಮೂರರಲ್ಲೂ ಅಳತೆಗೆ ಹೊಂದುವವರೆಗೆ ಮುಂದೆ ಹೋಗಬೇಡಿ.

ಕಲ್ಲಿನ ಸಂಯೋಜನೆ ಬರೆಯುವಾಗಲೇ ದೊಡ್ಡ ತಪ್ಪು ನುಸುಳುತ್ತದೆ. ಶೇ. 20 ರಂಧ್ರಗಳಲ್ಲಿ ನೀರು ತುಂಬಿದ ಸುಣ್ಣಕಲ್ಲಿನ ಸಾಂದ್ರತೆ 0.8×2.71 + 0.2×1.0 = 2.368 ಗ್ರಾಂ/ಸಿಸಿ. ಅದರಲ್ಲಿ ನೀರಿನ ತೂಕ 0.2/2.368, ಅಂದರೆ ಶೇ. 8.4 ಮಾತ್ರ. ಗಾತ್ರದ 20ನ್ನೇ ತೂಕದ ಪಾಲೆಂದು ಬರೆದರೆ ಹೈಡ್ರೋಜನ್ 2.4 ಪಟ್ಟು ಆಗುತ್ತದೆ, ಅದು ನ್ಯೂಟ್ರಾನ್‌ಗಳನ್ನು ಬೇಗ ನಿಧಾನಿಸುವುದರಿಂದ ದೂರದ ಡಿಟೆಕ್ಟರ್ ಬರಿದಾಗುತ್ತದೆ. ಪ್ರೋಗ್ರಾಂ ಮಾತ್ರ ಒಂದು ಎಚ್ಚರಿಕೆಯನ್ನೂ ಕೊಡದೆ ಓಡುತ್ತದೆ. ಎಂಟಿ ಕಾರ್ಡ್‌ನಲ್ಲಿ (ಇನ್‌ಪುಟ್ ಫೈಲಿನ ಒಂದು ಸಾಲು) ಎಸ್-ಆಲ್ಫಾ-ಬೀಟಾ ದತ್ತಾಂಶವನ್ನು, ಅಂದರೆ ನೀರಿನಣುವಿನಲ್ಲಿ ಬಂಧಿತ ಹೈಡ್ರೋಜನ್ ನಿಧಾನ ನ್ಯೂಟ್ರಾನನ್ನು ಚದುರಿಸುವ ಬಗೆಯನ್ನು, ಬಾವಿಯ ನೀರಿಗೆ ಕೊಟ್ಟಂತೆ ರಂಧ್ರದ ನೀರಿಗೂ ಕೊಡಿ, ಇಲ್ಲವಾದರೆ ಥರ್ಮಲ್ (ನಿಧಾನ) ನ್ಯೂಟ್ರಾನ್‌ಗಳ ಕೌಂಟ್ ತಪ್ಪುತ್ತದೆ. ಕಲ್ಲಿನ ಹೊರ ಅಂಚನ್ನು ಒಮ್ಮೆ 60, ಒಮ್ಮೆ 80 ಸೆಂ.ಮೀ. ತ್ರಿಜ್ಯಕ್ಕೆ ಇಟ್ಟು ಓಡಿಸಿ. ಕೌಂಟ್ ಬದಲಾದರೆ 60 ಸಾಲದು.

ಇನ್ನು ಪದರಗಳು. ಪ್ರತಿ ಆಳಕ್ಕೂ ಬೇರೆ ರನ್ ಬೇಕು. ಟೂಲ್ ಇದ್ದಲ್ಲೇ ಇರಲಿ, ಪದರದ ಗಡಿಯ ಸಮತಲಗಳನ್ನು 5 ಸೆಂ.ಮೀ.ನಂತೆ ಸರಿಸಿ. ಹಾಗಾದರೆ ಸೋರ್ಸ್, ಡಿಟೆಕ್ಟರ್, ವೇಟ್ ವಿಂಡೋ ಮೆಶ್ (ಡಿಟೆಕ್ಟರ್ ಕಡೆಗೆ ಹೆಚ್ಚು ನ್ಯೂಟ್ರಾನ್ ಕಳಿಸಲು ಅವುಗಳ ವೇಟ್, ಅಂದರೆ ಲೆಕ್ಕದ ತೂಕ, ಜಾಗವಾರು ಮಿತಿಯೊಳಗಿಡುವ ಜಾಲ) ಯಾವುದನ್ನೂ ಮುಟ್ಟಬೇಕಿಲ್ಲ. ಆದರೆ ಏಕರೂಪದ ಕಲ್ಲಿಗೆ ಮಾಡಿದ ವಿಂಡೋದ ಮೌಲ್ಯಗಳನ್ನೇ ಎಲ್ಲ ಆಳಕ್ಕೂ ಹಚ್ಚುವುದು ಅಪಾಯ. ಸೋರ್ಸ್ ಮತ್ತು ದೂರದ ಡಿಟೆಕ್ಟರ್ ನಡುವೆ ಶೇಲ್ ಬಂದಾಗ ಭಾರಿ ವೇಟ್ ಹೊತ್ತ ನ್ಯೂಟ್ರಾನ್ ಅಪರೂಪಕ್ಕೊಂದು ಡಿಟೆಕ್ಟರ್ ಹೊಕ್ಕು ಟ್ಯಾಲಿ (ಎಣಿಕೆಯ ಮೊತ್ತ) ಜಿಗಿಯುತ್ತದೆ, ರಿಲೇಟಿವ್ ಎರರ್ ಇಳಿಯುವ ಬದಲು ಏರುತ್ತದೆ. ಲಾಗ್‌ನಲ್ಲಿ (ಆಳದ ಎದುರು ಅಳತೆಯ ಗ್ರಾಫ್) ಅದು ತೆಳು ಪದರದಂತೆಯೇ ಕಾಣುತ್ತದೆ! ವಿಒವಿ (ಎರರ್ ಅಂದಾಜೇ ಎಷ್ಟು ಅಲುಗಾಡುತ್ತಿದೆ ಎಂಬ ಅಳತೆ) 0.1ಕ್ಕಿಂತ ಕೆಳಗಿದೆಯೇ, ಪ್ರೋಗ್ರಾಂ ಮಾಡುವ ಹತ್ತೂ ಸಂಖ್ಯಾಶಾಸ್ತ್ರೀಯ ಪರೀಕ್ಷೆಗಳು ಪಾಸಾಗಿವೆಯೇ ನೋಡದೆ ಆ ಬಿಂದುವನ್ನು ಗ್ರಾಫ್‌ಗೆ ಹಾಕಬೇಡಿ. ಗಡಿ ದಾಟುವ ಆಳಗಳಿಗೆ ವಿಂಡೋವನ್ನು ಹೊಸದಾಗಿ ಮಾಡಿಸಿ. ಹತ್ತಿರದ ಕೌಂಟ್‌ನಲ್ಲಿ ಶೇ. 0.5, ದೂರದ್ದರಲ್ಲಿ ಶೇ. 1 ಎರರ್ ಇದ್ದರೆ ಅನುಪಾತದಲ್ಲಿ ಶೇ. 1.1 ಆಗುತ್ತದೆ. ಅದನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಹಿಸ್ಟರಿ (ಅನುಕರಿಸಿದ ನ್ಯೂಟ್ರಾನ್‌ಗಳು) ಬೇಕು.

ಶೇಲ್‌ಗೆ ಬರಿಯ ಜೇಡಿಖನಿಜದ ಸೂತ್ರ ಸಾಲದು. ಅದರಲ್ಲಿ ಅಲ್ಪವಾಗಿರುವ ಗ್ಯಾಡೊಲಿನಿಯಂನ ಥರ್ಮಲ್ ಕ್ರಾಸ್ ಸೆಕ್ಷನ್ (ನಿಧಾನ ನ್ಯೂಟ್ರಾನನ್ನು ಹೀರುವ ಸಾಧ್ಯತೆಯ ಅಳತೆ) ಸುಮಾರು 49,000 ಬಾರ್ನ್, ಬೋರಾನ್‌ನದು ಸುಮಾರು 760. ಹತ್ತು ಲಕ್ಷದಲ್ಲಿ ಕೆಲವೇ ಪಾಲು ಇದ್ದರೂ ಇವನ್ನು ಬಿಟ್ಟರೆ ಥರ್ಮಲ್ ಕೌಂಟ್ ನಿಜಕ್ಕಿಂತ ಹೆಚ್ಚು ಬರುತ್ತದೆ.

ಅನುಪಾತ ತೆಗೆಯುವ ಮುನ್ನ ಆಳ ಹೊಂದಿಸಿ. ಡಿಟೆಕ್ಟರ್‌ಗಳು ಸೋರ್ಸ್‌ನಿಂದ 40 ಮತ್ತು 60 ಸೆಂ.ಮೀ. ಮೇಲಿದ್ದರೆ ಅವುಗಳ ಅಳತೆಯ ನಡುಬಿಂದುಗಳು ಸುಮಾರು 20 ಮತ್ತು 30 ಸೆಂ.ಮೀ.ನಲ್ಲಿ ಬೀಳುತ್ತವೆ. ಆ 10 ಸೆಂ.ಮೀ., ಅಂದರೆ ಎರಡು ಹೆಜ್ಜೆ, ಸರಿಸದಿದ್ದರೆ ಪ್ರತಿ ಗಡಿಯಲ್ಲೂ ಇಲ್ಲದ ಮೊನೆಯೊಂದು ಮೂಡುತ್ತದೆ.