ಒಬ್ಬರೇ ಓಡುವಾಗ ಒಂದು ಕಿವಿ ಖಾಲಿ ಇರಲಿ

ಶೂ ಆರಿಸುವಾಗಿನ ಶ್ರದ್ಧೆಯಲ್ಲಿ ಕಾಲು ಭಾಗವನ್ನಾದರೂ ಕಿವಿಯ ಕಡೆಗೆ ಕೊಡಬೇಕು. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಹಿಂದಿನ ಸೈಕಲ್ಲೂ ಕೇಳದು, ಹೆಜ್ಜೆ ಸದ್ದೂ ಕೇಳದು. ಹಾಡು ಬೇಕೇ ಬೇಕೆಂದರೆ ಒಂದೇ ಕಿವಿಗೆ.

ಫುಟ್‌ಪಾತ್ ಇಲ್ಲದ ಕಡೆ ವಾಹನಗಳಿಗೆ ಎದುರುಮುಖವಾಗಿ ಓಡುವುದು ಸರಿಯೇ. ಆದರೆ ನೀವಿರುವ ಬದಿಗೇ ರಸ್ತೆ ಕುರುಡಾಗಿ ತಿರುಗುವಲ್ಲಿ ಈ ನಿಯಮ ಕೈಕೊಡುತ್ತದೆ. ಚಾಲಕನಿಗೆ ನೀವು ಕಾಣುವುದು ಕೊನೇ ಗಳಿಗೆಯಲ್ಲಿ. ತಿರುವಿಗೆ ಸಾಕಷ್ಟು ಮುಂಚೆಯೇ ಆಚೆ ಬದಿಗೆ ದಾಟಿ, ಆಮೇಲೆ ಮರಳಿ. ರಿಫ್ಲೆಕ್ಟರ್ ಪಟ್ಟಿ ಎದೆಗಷ್ಟೇ ಸಾಲದು, ಪಾದದ ಗಂಟಿಗೂ ಕಟ್ಟಿ. ಮೇಲೆ ಕೆಳಗೆ ಆಡುವ ಎರಡು ಹೊಳಪು ಕಂಡರೆ ‘ಇದು ಮನುಷ್ಯ’ ಅಂತ ಬೇಗ ಗೊತ್ತಾಗುತ್ತದೆ. ಎದೆಯದು ಯಾವುದೋ ಕಂಬದ ಫಲಕದಂತೆ ಕಂಡೀತು.

ನೀವೆಲ್ಲಿದ್ದೀರಿ ಅಂತ ಮನೆಯವರಿಗೆ ಮ್ಯಾಪಿನಲ್ಲಿ ತೋರಿಸುವ ವಾಟ್ಸಾಪ್ ಲೈವ್ ಲೊಕೇಶನ್‌ನಲ್ಲಿ 15 ನಿಮಿಷ, 1 ಗಂಟೆ, 8 ಗಂಟೆ ಅಂತ ಆಯ್ಕೆ ಬರುತ್ತದಲ್ಲ, 8ನ್ನೇ ಒತ್ತಿ. ಕಾಲು ಉಳುಕಿ ದಾರಿಯಲ್ಲಿ ಕೂತ ಹೊತ್ತಿಗೆ 1 ಗಂಟೆ ಮುಗಿದೇ ಹೋಗಿರುತ್ತದೆ. ಮನೆ ಸೇರಿದ ಮೇಲೆ ನಿಲ್ಲಿಸಿದರಾಯಿತು. ವಾಪಸ್ ಎಷ್ಟು ಹೊತ್ತಿಗೆ ಅಂತಲೂ ಹೇಳಿ ಹೋಗಿ, ಇಲ್ಲದಿದ್ದರೆ ಮ್ಯಾಪಿನಲ್ಲಿ ನಿಮ್ಮ ಚುಕ್ಕೆ ನಿಂತಲ್ಲೇ ನಿಂತರೂ ಯಾರಿಗೂ ಅನುಮಾನ ಬಾರದು.

ಹಾಂ, ಓಟದ ಆಪ್‌ನ ಮ್ಯಾಪಿನಲ್ಲಿ ಶುರು, ಕೊನೆ ಎರಡನ್ನೂ ಮರೆಮಾಡಿ. ಮನೆ ಬಾಗಿಲು ಊರಿಗೆಲ್ಲ ಯಾಕೆ ಕಾಣಬೇಕು?