ದುಂಡನೆಯ ಕನ್ನಡವನ್ನು ಚೌಕಗಳಲ್ಲಿ ಹೊಲಿದ ವರ್ಷ

ಈ ವರ್ಷ ಮನೆಯವರಿಗೆ ಕೊಟ್ಟ ಉಡುಗೊರೆಗಳನ್ನೆಲ್ಲ ನಾನೇ ಕುಳಿತು ಹೊಲಿದೆ. ಎಲ್ಲವೂ ಕ್ರಾಸ್ ಸ್ಟಿಚ್ (ಬಟ್ಟೆಯ ಚೌಕಗಳನ್ನು ಎಣಿಸಿ × ಆಕಾರದಲ್ಲಿ ಹಾಕುವ ಹೊಲಿಗೆ), ಅಥವಾ ಅದರ ಪಕ್ಕದ ಹೊಲಿಗೆಗಳು. ಹಿಂದೆಯೂ ಹೊಲಿಯುತ್ತಿದ್ದೆ. ಆದರೆ ಆಗೆಲ್ಲ ಚಂದದ ಚಾರ್ಟ್, ಎಂದರೆ ಚೌಕಗಳಲ್ಲಿ ಬಿಡಿಸಿದ ವಿನ್ಯಾಸ, ಕಣ್ಣಿಗೆ ಬಿದ್ದರೆ ಮೊದಲು ಅದನ್ನು ಹೊಲಿದು ಮುಗಿಸಿ, ಯಾರಿಗೆ ಕೊಡಬಹುದೆಂದು ಆಮೇಲೆ ಯೋಚಿಸುತ್ತಿದ್ದೆ. ಈ ಸಲ ಕ್ರಮ ತಿರುಗಿಸಿದೆ. ಮೊದಲು ಮನುಷ್ಯರು, ಆಮೇಲೆ ಚಾರ್ಟ್. ಅವರು ಅದನ್ನು ಎಲ್ಲಿ ಇಡುತ್ತಾರೆ, ಎಷ್ಟು ಸಲ ಕೈಗೆತ್ತಿಕೊಳ್ಳುತ್ತಾರೆ, ಅವರ ಕಣ್ಣು ಹೇಗಿದೆ, ಬೆರಳು ಹೇಗಿದೆ ಎಂಬುದನ್ನು ನೋಡಿಕೊಂಡ ಮೇಲೆಯೇ ಬಟ್ಟೆ, ದಾರ, ಅಳತೆಗಳನ್ನು ತೀರ್ಮಾನಿಸಿದೆ. ಗೋಡೆಗೆ ನೇತುಹಾಕುವ ಕೆಲಸ ಕಡಿಮೆಯಾಯಿತು. ಕೈಯಲ್ಲಿ ಸವೆಯುವ ಕೆಲಸ ಹೆಚ್ಚಾಯಿತು.

ಅಪ್ಪನಿಂದ ಶುರು ಮಾಡಿದೆ. ಅವರು ಒಂದೇ ಕಾಲಕ್ಕೆ ಎರಡು ಮೂರು ಪುಸ್ತಕ ಓದುವವರು. ಗುರುತಿಗೆ ಹಳೆಯ ರಸೀದಿ, ಕಾಗದದ ಚೂರು, ಕೈಗೆ ಸಿಕ್ಕಿದ್ದನ್ನು ಇಡುತ್ತಾರೆ. ಅವರಿಗೆ ಪುಟದ ಗುರುತಿಗೆ ಇಡುವ ಬಟ್ಟೆಯ ಪಟ್ಟಿಯೊಂದನ್ನು ಮಾಡಿಕೊಡಬೇಕೆನ್ನಿಸಿತು. ಆದರೆ ಪುಸ್ತಕದೊಳಗಿನ ಪಟ್ಟಿಗೆ ಎರಡೂ ಬದಿ ಮುಂಬದಿಯೇ. ಕ್ರಾಸ್ ಸ್ಟಿಚ್‌ನ ಹಿಂಬದಿ ಎಷ್ಟು ಅಚ್ಚುಕಟ್ಟಾಗಿದ್ದರೂ ಹಿಂಬದಿಯಂತೆಯೇ ಕಾಣುತ್ತದೆ. ಇನ್ನೊಂದು ಬಟ್ಟೆ ಅಂಟಿಸಿ ಮುಚ್ಚಿದರೆ ಪಟ್ಟಿ ದಪ್ಪವಾಗಿ ಪುಸ್ತಕ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಹಾಗಾಗಿ ಬಳ್ಳಿಯ ವಿನ್ಯಾಸವನ್ನು ಪೂರ್ತಿಯಾಗಿ ನಮ್ಮ ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಾಕಿದೆ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ. ಬರುವಾಗ ಅದೇ ದಾರಿಯಲ್ಲಿ, ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತಾ ಬರುವುದು. ಮುಂದೆ ಮೂಡಿದ ಗೆರೆಯೇ ಹಿಂದೆಯೂ ಮೂಡುತ್ತದೆ. ಯುರೋಪಿನಲ್ಲಿ ಇದನ್ನು ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. 16ನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿ ಕೊರಳಪಟ್ಟಿ ಮತ್ತು ತೋಳಿನ ಅಂಚಿನ ಮೇಲೆ ಈ ಕೆಲಸ ಎದ್ದು ಕಾಣುತ್ತದೆ, ಆ ಹೆಸರು ಅಲ್ಲಿಂದ ಬಂದದ್ದು. ಗಂಟು ಎಲ್ಲೂ ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಕೆಳಗೇ ನುಸುಳಿಸಿ ಮುಗಿಸಬೇಕು. 14 ಕೌಂಟ್ ಐಡಾ ಬಟ್ಟೆಯಲ್ಲಿ ಇಂಚಿಗೆ 14 ಚೌಕಗಳಿರುತ್ತವೆ. 28 ಚೌಕ ಅಗಲ ಹಿಡಿದರೆ ಪಟ್ಟಿ ಸರಿಯಾಗಿ ಎರಡು ಇಂಚಾಗುತ್ತದೆ. ಅಪ್ಪ ಅದನ್ನು ತಿರುವಿ ತಿರುವಿ ನೋಡಿ, ಯಾವುದು ಮುಂಬದಿ ಎಂದು ಕೇಳಿದರು. ನನಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ.

ಆಮೇಲೆ ತಮ್ಮನಿಗೆ ಮಗಳು ಹುಟ್ಟಿದಳು. ಹುಟ್ಟಿದ ದಿನ, ಹೊತ್ತು, ತೂಕ, ಹೆಸರು ಇಷ್ಟನ್ನೂ ಹೊಲಿದು ಚೌಕಟ್ಟು ಹಾಕಿಸುವ ರೂಢಿ ಕ್ರಾಸ್ ಸ್ಟಿಚ್ ಮಾಡುವವರಲ್ಲಿ ಎಲ್ಲೆಡೆ ಇದೆ. ಬಹಳ ಹಳೆಯ ರೂಢಿ ಅದು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿ ಜೇನ್ ಬಾಸ್ಟಾಕ್ ಎಂಬಾಕೆ 1598ರಲ್ಲಿ ಹೊಲಿದ ಒಂದು ಮಾದರಿ ಬಟ್ಟೆ ಇದೆ. ಇಸವಿ ನಮೂದಾದ ಇಂಗ್ಲಿಷ್ ಮಾದರಿಗಳಲ್ಲಿ ಅದೇ ಅತ್ಯಂತ ಹಳೆಯದು. ಅದರ ಮೇಲೆ ಆ್ಯಲಿಸ್ ಲೀ ಎಂಬ ಮಗು 1596ರ ನವೆಂಬರ್ 23ರ ಮಂಗಳವಾರ ಮಧ್ಯಾಹ್ನದ ನಂತರ ಹುಟ್ಟಿತು ಎಂದು ಅಕ್ಷರಗಳಲ್ಲಿ ಹೊಲಿದಿದೆ. ನಾಲ್ಕು ಶತಮಾನ ಕಳೆದರೂ ಒಂದು ಮಗು ಯಾವ ಹೊತ್ತಿಗೆ ಹುಟ್ಟಿತೆಂಬುದು ದಾರದಲ್ಲಿ ಉಳಿದುಕೊಂಡಿದೆ. ಅದನ್ನು ಓದಿದ ಮೇಲೆ, ನಾನೂ ನಮ್ಮ ಪುಟ್ಟಿ ಹುಟ್ಟಿದ ಹೊತ್ತನ್ನು ಬಿಡದೆ ಬರೆಯಬೇಕೆಂದು ನಿಶ್ಚಯಿಸಿದೆ. ಅದೂ ಕನ್ನಡದಲ್ಲಿ.

ಈ ವರ್ಷದ ನಿಜವಾದ ಕೆಲಸ ಶುರುವಾದದ್ದು ಅಲ್ಲಿ. ಸಿದ್ಧ ಚಾರ್ಟುಗಳಲ್ಲಿ ಸಿಗುವುದು ಇಂಗ್ಲಿಷ್ ಅಕ್ಷರಮಾಲೆ. ಅದಕ್ಕೆ ಐದು ಚೌಕ ಅಗಲ, ಏಳು ಚೌಕ ಎತ್ತರ ಸಾಕು, ನೇರ ಗೆರೆಗಳೇ ಹೆಚ್ಚು. ನಮ್ಮದು ದುಂಡನೆಯ ಲಿಪಿ. ಅಷ್ಟೇ ಆಗಿದ್ದರೆ ನಿಭಾಯಿಸಬಹುದಿತ್ತು. ಮೇಲೆ ಗುಡಿಸು ಮತ್ತು ಏತ್ವ, ಪಕ್ಕಕ್ಕೆ ಕೊಂಬು ಮತ್ತು ದೀರ್ಘ, ಕೆಳಗೆ ಒತ್ತಕ್ಷರ. ಒಂದು ಸಾಲು ಕನ್ನಡಕ್ಕೆ ಮೂರು ಅಂತಸ್ತು ಬೇಕು. ಗ್ರಾಫ್ ಹಾಳೆಯ ಮೇಲೆ ಬಹಳ ಸಂಜೆ ಪೆನ್ಸಿಲ್ ಹಿಡಿದು ಕುಳಿತು, ಕೊನೆಗೆ ಅಕ್ಷರದ ಮೈಗೆ 10 ಚೌಕ, ಮೇಲಕ್ಕೆ 4, ಒತ್ತಿಗೆ 6 ಎಂದು ಗೊತ್ತುಮಾಡಿಕೊಂಡೆ. ಒಟ್ಟು 20 ಚೌಕ, ಎಂದರೆ 14 ಕೌಂಟ್ ಬಟ್ಟೆಯಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಎತ್ತರ. ಇದಕ್ಕಿಂತ ಕುಗ್ಗಿಸಿದರೆ ಒತ್ತು ಮುದ್ದೆಯಾಗುತ್ತದೆ.

ದುಂಡು ಬರಿಸುವುದಕ್ಕೊಂದು ಲೆಕ್ಕವಿದೆ. ಹತ್ತು ಚೌಕದ ವೃತ್ತ ಬೇಕಾದರೆ ನೆತ್ತಿಯ ಮೇಲೆ ನಾಲ್ಕು ಚೌಕ ಸಾಲಾಗಿ ಹೊಲಿದು, ಎರಡೂ ಬದಿಗೆ ಕರ್ಣದಲ್ಲಿ ಎರಡು ಮೆಟ್ಟಿಲು ಇಳಿದು, ಆಮೇಲೆ ಪಕ್ಕದಲ್ಲಿ ನಾಲ್ಕು ಚೌಕ ನೇರ ಇಳಿಸಬೇಕು. ಕೆಳಗೆ ಮತ್ತೆ ಅದೇ ತಿರುವುಮುರುವು. ಹತ್ತಿರದಿಂದ ನೋಡಿದರೆ ಮೆಟ್ಟಿಲು, ಒಂದು ಮಾರು ದೂರ ನಿಂತರೆ ದುಂಡು. ಸೊನ್ನೆಯಂತೂ ಎಂಟೇ ಹೊಲಿಗೆ: ನಾಲ್ಕು ಬದಿಗೆ ಎರಡೆರಡು, ಮೂಲೆ ಖಾಲಿ, ಹೊಟ್ಟೆ ಖಾಲಿ. ತಲೆಕಟ್ಟನ್ನು ಕ್ರಾಸ್‌ನಲ್ಲಿ ಹಾಕಿ, ಅದರ ಬಲತುದಿಯ ಕೊಕ್ಕೆಯನ್ನು ಮಾತ್ರ ಗೆರೆಯಂತೆ ಸಾಗುವ ಬ್ಯಾಕ್ ಸ್ಟಿಚ್‌ನಲ್ಲಿ ಎಳೆದರೆ ಅಕ್ಷರಕ್ಕೆ ಬರೆದಂಥ ಕಳೆ ಬರುತ್ತದೆ. ಪುಟ್ಟಿಯ ಹೆಸರಿನಲ್ಲಿ ‘ಧಾ’ ಇದೆ. ದಕಾರದ ಹೊಟ್ಟೆಯನ್ನು ಸೀಳುವ ಆ ಗೆರೆ ಒಂದೇ ಒಂದು ನಿಂತ ಹೊಲಿಗೆ, ಎರಡು ಚೌಕದ ಉದ್ದ. ಅದನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಂಡಿದ್ದೆ. ಸೂಜಿ ಒಮ್ಮೆ ಮೇಲೆ ಬಂದು ಕೆಳಗೆ ಹೋದದ್ದೇ ತಡ, ಅಲ್ಪಪ್ರಾಣ ಮಹಾಪ್ರಾಣವಾಯಿತು, ಮಗುವಿನ ಹೆಸರು ಪೂರ್ತಿಯಾಯಿತು. ಆ ಕ್ಷಣದ ಸಂತೋಷವನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ.

ಪುಟ್ಟಿಗೆ ಒಂದು ಹತ್ತಿ ಅಂಗಿಯ ಎದೆಯ ಮೇಲೂ ಸಣ್ಣ ಆನೆಯೊಂದನ್ನು ಹೊಲಿದೆ. ಅಂಗಿಯ ಬಟ್ಟೆಯಲ್ಲಿ ಎಣಿಸಲು ಚೌಕಗಳಿರುವುದಿಲ್ಲವಲ್ಲ, ಅದಕ್ಕೆ ವೇಸ್ಟ್ ಕ್ಯಾನ್ವಾಸ್ ಎಂಬ ಜಾಲರಿ ಬಟ್ಟೆಯನ್ನು ಮೇಲೆ ಟಾಕಿ ಹಾಕಿ, ಎರಡನ್ನೂ ಸೇರಿಸಿ ಹೊಲಿಯಬೇಕು. ಮುಗಿದ ಮೇಲೆ ನೀರು ಚಿಮುಕಿಸಿದರೆ ಜಾಲರಿಯ ಅಂಟು ಕರಗುತ್ತದೆ. ಆಗ ಚಿಮಟದಲ್ಲಿ ಅದರ ಎಳೆಗಳನ್ನು ಒಂದೊಂದಾಗಿ ಹೊಲಿಗೆಯ ಕೆಳಗಿನಿಂದ ಎಳೆದು ತೆಗೆಯುವುದು. ಮೊದಲು ಅಡ್ಡ ಎಳೆ, ಆಮೇಲೆ ಉದ್ದ ಎಳೆ. ಕೊನೆಯ ಎಳೆ ಬಂದಾಗ ಆನೆಯೊಂದೇ ಅಂಗಿಯ ಮೇಲೆ ನಿಂತಿರುತ್ತದೆ. ಎಳೆಮಗುವಿನ ಮೈಗೆ ಹಿಂಬದಿಯ ದಾರ ಉಜ್ಜದಂತೆ ಒಳಗಡೆ ಮೆತ್ತನೆಯ ಬಟ್ಟೆಯ ಅಸ್ತರು ಕೊಡಲೇಬೇಕು. ಮಣಿ, ಗುಂಡಿಗಳನ್ನು ಮಕ್ಕಳ ಬಟ್ಟೆಗೆ ಹಾಕಲೇಬಾರದು. ಕಿತ್ತು ಬಾಯಿಗೆ ಹೋಗುತ್ತವೆ.

ಕನ್ನಡ ಅಕ್ಷರ ಕೈಗೆ ಬಂದ ಮೇಲೆ ಅಮ್ಮನಿಗೆ ಏನು ಹೊಲಿಯಬೇಕೆಂಬುದು ತಾನಾಗಿಯೇ ಹೊಳೆಯಿತು. ಅಜ್ಜಿ ಅಮ್ಮನಿಗೆ ಬರೆದ ಕಾಗದಗಳ ಒಂದು ಕಟ್ಟು ಮನೆಯಲ್ಲಿದೆ. ಎಲ್ಲ ಕಾಗದಗಳೂ ‘ಇಂತಿ ನಿನ್ನ ಅಮ್ಮ’ ಎಂದೇ ಮುಗಿಯುತ್ತವೆ. ಆ ಮೂರು ಪದಗಳನ್ನು ಅಜ್ಜಿಯ ಕೈಬರಹದಲ್ಲೇ ಹೊಲಿಯಬೇಕಿತ್ತು. ಒಂದು ಕಾಗದದ ಕೊನೆಯ ಸಾಲನ್ನು ದೊಡ್ಡದಾಗಿ ನಕಲು ತೆಗೆಸಿ, ಕಿಟಕಿಯ ಗಾಜಿಗೆ ಅಂಟಿಸಿ, ಅದರ ಮೇಲೆ ಗ್ರಾಫ್ ಹಾಳೆ ಹಿಡಿದು, ಬೆಳಕಿನಲ್ಲಿ ಕಂಡ ಪ್ರತಿ ತಿರುವನ್ನೂ ಹತ್ತಿರದ ಚೌಕದ ಮೂಲೆಗೆ ಚುಕ್ಕಿಯಿಟ್ಟು ಗುರುತಿಸಿದೆ. ಇದಕ್ಕೆ ಕ್ರಾಸ್ ಹೊಂದುವುದಿಲ್ಲ, ಬ್ಯಾಕ್ ಸ್ಟಿಚ್ಚೇ ಬೇಕು. 28 ಕೌಂಟ್ ಲಿನಿನ್ ಬಟ್ಟೆ, ಡಿಎಂಸಿ ಕಂಪನಿಯ 823ನೆಯ ನಂಬರಿನ ದಾರ, ಶಾಯಿಗೆ ಅತಿ ಹತ್ತಿರದ ಕಡುನೀಲಿ. ಅಜ್ಜಿಯ ಪೆನ್ನು ಒತ್ತಿದ ಕಡೆ ಎರಡೆಳೆ, ಹಗುರಾದ ಕಡೆ ಒಂದೆಳೆ. ದಾರದಲ್ಲಿ ಆರು ಎಳೆಗಳಿರುವುದರಿಂದ ಹೀಗೆ ಬೇಕಾದಂತೆ ಬಿಡಿಸಿಕೊಳ್ಳಬಹುದು.

ಕೈಬರಹವನ್ನು ಹೊಲಿಯುವಾಗ ಅದನ್ನು ಓದುವುದಕ್ಕಿಂತ ಎಷ್ಟೋ ನಿಧಾನವಾಗಿ ನೋಡುತ್ತೇವೆ. ಅಜ್ಜಿ ‘ನಿ’ಯ ಗುಡಿಸನ್ನು ಮುಚ್ಚುತ್ತಲೇ ಇರಲಿಲ್ಲ. ‘ನ್ನ’ದ ಒತ್ತನ್ನು ಚಿಕ್ಕದಾಗಿ ಅಕ್ಷರದ ಕಾಲಿಗೆ ಅಂಟಿಸಿ ಬರೆಯುತ್ತಿದ್ದರು. ‘ಅಮ್ಮ’ದ ಒತ್ತು ಮಾತ್ರ ಬಲಕ್ಕೆ ಉದ್ದವಾಗಿ ಹರಿದು, ಇಡೀ ಪದಕ್ಕೆ ಅಡಿಗೆರೆ ಎಳೆದಂತಿರುತ್ತಿತ್ತು. ಆ ಬಾಲವನ್ನು ಪೂರ್ತಿಯಾಗಿ ಹೊಲಿದೆ. ಕೊನೆಯಲ್ಲಿ ಶಾಯಿಯ ಒಂದು ಹನಿ ಬಿದ್ದಿತ್ತು, ಅದನ್ನೂ ಬಿಡದೆ ಒಂದು ಫ್ರೆಂಚ್ ನಾಟ್, ಸೂಜಿಗೆ ದಾರ ಸುತ್ತಿ ಹಾಕುವ ಉಬ್ಬಿದ ಗಂಟು, ಹಾಕಿದೆ. ಅಮ್ಮ ನೋಡಿದಳು. ಮೊದಲು ಏನೂ ಹೇಳಲಿಲ್ಲ. ಆಮೇಲೆ ಬೆರಳಿನಿಂದ ಆ ಬಾಲವನ್ನು ಸವರಿ, “ಇದು ಅವರು ಅವಸರದಲ್ಲಿದ್ದಾಗ ಬರೆದದ್ದು, ಸಮಾಧಾನವಾಗಿದ್ದಾಗ ಇಷ್ಟು ಉದ್ದ ಎಳೆಯುತ್ತಿರಲಿಲ್ಲ” ಎಂದಳು. ಕಾಗದ ಓದುತ್ತಾ ಬೆಳೆದ ಮಗಳಿಗೆ ಮಾತ್ರ ಗೊತ್ತಿರುವ ವಿಷಯ ಅದು.

ಅತ್ತೆಯವರ ಕಣ್ಣು ಈಚೆಗೆ ಮಂಜಾಗಿದೆ. ಅವರಿಗೆ ನುಣುಪಾದ ಬಣ್ಣದ ಹೂಗಳನ್ನು ಕೊಟ್ಟು ಏನು ಪ್ರಯೋಜನ? ಕನ್ನಡಕಕ್ಕೆ, ಮಾತ್ರೆಗಳಿಗೆ, ಬೀಗದ ಕೈಗಳಿಗೆ ಎಂದು ಮೂರು ಚೀಲ ಹೊಲಿದೆ. 11 ಕೌಂಟ್ ಕಪ್ಪು ಬಟ್ಟೆ, ಮೂರೆಳೆ ಹಳದಿ ದಾರ. ಒಂದರ ಮೇಲೆ ಒತ್ತೊತ್ತಾಗಿ ಫ್ರೆಂಚ್ ನಾಟ್‌ಗಳು, ಒಂದರ ಮೇಲೆ ಉದ್ದುದ್ದ ನುಣ್ಣನೆಯ ಸ್ಯಾಟಿನ್ ಪಟ್ಟಿಗಳು, ಇನ್ನೊಂದರ ಮೇಲೆ ಬರೀ ಕ್ರಾಸ್‌ಗಳು. ಹೆಬ್ಬೆರಳು ಆಡಿಸಿದರೆ ಯಾವುದು ಯಾವುದೆಂದು ತಿಳಿಯಬೇಕು, ಉದ್ದೇಶ ಅಷ್ಟೇ. ಈಗ ಅವರು ದೀಪ ಹಾಕದೆಯೇ ಕನ್ನಡಕ ತೆಗೆದುಕೊಳ್ಳುತ್ತಾರೆ. (ಕಪ್ಪು ಬಟ್ಟೆಯಲ್ಲಿ ಹೊಲಿಯುವವರಿಗೆ: ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಳ್ಳಿ. ರಂಧ್ರಗಳು ಕೆಳಗಿನಿಂದ ಬೆಳ್ಳಗೆ ಕಾಣುತ್ತವೆ.)

ಅಕ್ಕನದು ಬೇರೆಯೇ ಕೋರಿಕೆ. ಮಕ್ಕಳ ಫೋಟೋ ಕೊಟ್ಟು, ಅದನ್ನೇ ಹೊಲಿದುಕೊಡು ಎಂದಳು. ಫೋಟೋವನ್ನು ಚಾರ್ಟ್ ಮಾಡಿಕೊಡುವ ತಂತ್ರಾಂಶಗಳಿವೆ, ನನಗೆ ಅವು ಸರಿಬರುವುದಿಲ್ಲ. ಕೆನ್ನೆಯ ಒಂದು ನೆರಳಿಗೆ ಹತ್ತಾರು ಬಣ್ಣ ಆರಿಸಿ, ಒಂದೊಂದು ಹೊಲಿಗೆಗೂ ದಾರ ಬದಲಿಸುವಂತೆ ಬಣ್ಣಗಳನ್ನು ಚೆಲ್ಲಿಬಿಡುತ್ತವೆ. 200 ಚೌಕ ಅಗಲ, 150 ಚೌಕ ಎತ್ತರ ಎಂದರೆ 30,000 ಕ್ರಾಸ್‌ಗಳು. 14 ಕೌಂಟ್‌ನಲ್ಲಿ ಸುಮಾರು 36 ಸೆಂಟಿಮೀಟರ್ ಅಗಲ. ಅಷ್ಟು ಹೊಲಿದ ಮೇಲೂ ಮುಖ ಕಲಸಿಹೋದಂತೆ ಕಾಣುತ್ತದೆ. ಫೋಟೋ ಇರುವಾಗ ಫೋಟೋದ ಮಂಕಾದ ಪ್ರತಿ ಯಾಕೆ ಬೇಕು? ಅಕ್ಕನನ್ನು ಒಪ್ಪಿಸಿ, ಇಬ್ಬರು ಮಕ್ಕಳನ್ನೂ ಗೋಡೆಯ ಮುಂದೆ ಪಕ್ಕಕ್ಕೆ ತಿರುಗಿಸಿ ಕೂರಿಸಿ, ದೀಪದ ನೆರಳನ್ನು ಕಾಗದದ ಮೇಲೆ ಬಿಡಿಸಿಕೊಂಡೆ. ಒಂದೇ ಬಣ್ಣ, ಕಪ್ಪು, ಡಿಎಂಸಿಯ 310. ದೊಡ್ಡವಳ ಜುಟ್ಟು, ಚಿಕ್ಕವನ ಮೊಂಡುಮೂಗು. ಮೂಗಿನ ತುದಿಯಂಥ ಜಾಗಕ್ಕೆ ಮುಕ್ಕಾಲು ಹೊಲಿಗೆ, ಎಂದರೆ ಒಂದು ಕಾಲು ಚೌಕದ ನಡುವಿಗೇ ನಿಲ್ಲುವ ಕ್ರಾಸ್, ಬೇಕಾಗುತ್ತದೆ. ಐಡಾದಲ್ಲಿ ಚೌಕದ ನಡುವೆ ರಂಧ್ರವಿರುವುದಿಲ್ಲ, ಹಾಗಾಗಿ ಅಲ್ಲಿಗೆ ಮಾತ್ರ ಮೊಂಡು ಸೂಜಿ ಬಿಟ್ಟು ಚೂಪು ಸೂಜಿ ಹಿಡಿಯಬೇಕು. ಒಂದೇ ಬಣ್ಣದಲ್ಲಿ ದೊಡ್ಡ ಜಾಗ ತುಂಬುವಾಗ ಎಲ್ಲ ಕ್ರಾಸ್‌ಗಳ ಮೇಲಿನ ಕಾಲು ಒಂದೇ ದಿಕ್ಕಿಗೆ ಬೀಳುವಂತೆ ನೋಡಿಕೊಳ್ಳುವುದು ಮುಖ್ಯ. ದಾರಕ್ಕೆ ಹೊಳಪಿದೆ, ಒಂದು ಕಾಲು ತಿರುಗಿಬಿದ್ದರೂ ಬೆಳಕಿನಲ್ಲಿ ಅದೊಂದೇ ಎದ್ದು ತೋರುತ್ತದೆ.

ನನ್ನ ಯಜಮಾನರಿಗೆ ರಂಧ್ರಗಳಿರುವ ಪ್ಲಾಸ್ಟಿಕ್ ಹಾಳೆಯ ಮೇಲೆ ಹೊಲಿದ ಒಂದು ಕೀ ಚೈನ್. ಎರಡು ಸಂಜೆಯ ಕೆಲಸ, ಜೇಬಿನಲ್ಲಿ ಗಟ್ಟಿಯಾಗಿ ಬಾಳುತ್ತಿದೆ.

ಉಡುಗೊರೆಯ ಕೆಲಸದಲ್ಲಿ ಕೊನೆಯ ತೊಳೆಯುವಿಕೆಗೆ ಅವಸರ ಮಾಡಬಾರದು. ತಣ್ಣೀರು, ಸೌಮ್ಯವಾದ ಸೋಪು. ಕೆಂಪು ದಾರ ಬಣ್ಣ ಬಿಟ್ಟರೆ ನೀರು ತಿಳಿಯಾಗುವವರೆಗೂ ಜಾಲಿಸುತ್ತಲೇ ಇರಬೇಕು, ಬಣ್ಣ ಕೂತಿರುವಾಗ ಒಣಗಲು ಬಿಡಬಾರದು. ಹತ್ತು ಚೌಕಕ್ಕೊಮ್ಮೆ ಗೆರೆ ಹಾಕಿಕೊಂಡ, ನೀರಿನಲ್ಲಿ ಕರಗುವ ಪೆನ್ನಿನ ಗುರುತು ಪೂರ್ತಿ ಹೋದ ಮೇಲೆಯೇ ಇಸ್ತ್ರಿ. ಬಿಸಿ ತಾಗಿದರೆ ಆ ಗುರುತು ಬಟ್ಟೆಯಲ್ಲೇ ನಿಂತುಬಿಡಬಹುದು. ಹಿಂಡದೆ, ಟವೆಲ್ಲಿನಲ್ಲಿ ಸುತ್ತಿ ನೀರು ತೆಗೆದು, ದಪ್ಪ ಟವೆಲ್ಲಿನ ಮೇಲೆ ಬೋರಲು ಹಾಕಿ ಹಿಂಬದಿಯಿಂದ ಇಸ್ತ್ರಿ ಮಾಡಿದರೆ ಹೊಲಿಗೆ ಚಪ್ಪಟೆಯಾಗುವುದಿಲ್ಲ. ಅತ್ತೆಯವರ ಚೀಲದ ನಾಟ್‌ಗಳಿಗೆ ಇದು ಬಹಳ ಮುಖ್ಯವಾಗಿತ್ತು.

ಈಗ ಕೈಯಲ್ಲಿರುವುದು ಕನ್ನಡದ ಪೂರ್ತಿ ಅಕ್ಷರಮಾಲೆಯ ಚಾರ್ಟ್. ಇದೇ ಹತ್ತು ಚೌಕದ ಅಳತೆಯಲ್ಲಿ ಸ್ವರಗಳು ಮುಗಿದಿವೆ. ವ್ಯಂಜನಗಳಲ್ಲಿ ಕಕಾರದಿಂದ ಮಕಾರದವರೆಗೆ ಆಗಿದೆ, ‘ಞ’ ಒಂದನ್ನು ಬಿಟ್ಟು. ಅದರ ಸುರುಳಿಗಳಿಗೆ ಹದಿಮೂರು ಚೌಕವಾದರೂ ಅಗಲ ಬೇಕಾಗಬಹುದು. ಗುಣಿತಾಕ್ಷರಗಳಿಗೆ ಬೇಕಾದ ಇಳಿ, ಗುಡಿಸು, ಕೊಂಬುಗಳನ್ನು ಬೇರೆ ಹಾಳೆಯಲ್ಲಿ ಬಿಡಿಸಿದ್ದೇನೆ, ಯಾವ ಅಕ್ಷರಕ್ಕಾದರೂ ಜೋಡಿಸಿಕೊಳ್ಳಬಹುದು. ಒತ್ತುಗಳು ಅರ್ಧ ಆಗಿವೆ. ರಕಾರದ ಒತ್ತು ಸುಲಭ, ಅರ್ಕಾವತ್ತು ಇನ್ನೂ ಸುಲಭ, ಣಕಾರದ ಒತ್ತನ್ನು ಆರು ಚೌಕದಲ್ಲಿ ಕೂರಿಸುವುದು ಹೇಗೆಂದು ಯೋಚಿಸುತ್ತಿದ್ದೇನೆ. ತಂಗಿಯ ಮನೆಯಲ್ಲೂ ಮುಂದಿನ ತಿಂಗಳು ಮಗು ಬರಲಿದೆ, ಆ ಹೊತ್ತಿಗೆ ಯಾವ ಹೆಸರಿಟ್ಟರೂ ಹೊಲಿಯುವಂತಾಗಬೇಕು.